ಲವಂಗದ ಎಣ್ಣೆ

ಲವಂಗದ ಮರದ ಮೊಗ್ಗು, ತೊಟ್ಟು ಮತ್ತು ಎಲೆಗಳನ್ನು ಬಟ್ಟಿ ಇಳಿಸಿ ಪಡೆಯುವ ಸುಗಂಧ ತೈಲ. ಇದರ ಶಕ್ತಿಯೆಲ್ಲ ಇರುವುದು ಯೂಜಿನಾಲ್ ಎಂಬ ರಾಸಾಯನಿಕದಲ್ಲಿ. ಎಣ್ಣೆಯ ಬಹುಪಾಲು ಅದೇ. ತುಳಸಿ, ವೀಳ್ಯದೆಲೆಗಳಲ್ಲೂ ಯೂಜಿನಾಲ್ ಉಂಟು.

ಮರದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು, ಮುಖ್ಯವಾಗಿ ಟೆರ್ನಾಟೆ, ಟಿಡೋರೆ ಮತ್ತು ಅವುಗಳ ನೆರೆಯ ನಡುಗಡ್ಡೆಗಳು. ಚೀನಾದ ಹಾನ್ ಅರಸರ ಕಾಲದಲ್ಲಿ ಚಕ್ರವರ್ತಿಯೆದುರು ಮಾತಾಡುವ ಅಧಿಕಾರಿಗಳು ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದರು. ಯುರೋಪಿನವರಿಗೆ ಈ ಮೊಗ್ಗಿನ ಮೂಲ ಗೊತ್ತಾದ ಮೇಲೆ ದ್ವೀಪಗಳ ಜನರ ಪಾಡು ಕೆಟ್ಟಿತು. ಬೆಲೆ ಇಳಿಯಬಾರದೆಂದು ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಟೆರ್ನಾಟೆಯ ಸುಲ್ತಾನನಿಂದ ಒಪ್ಪಂದ ಬರೆಸಿಕೊಂಡು, ಅಂಬಾನ್ ಹಾಗೂ ಅದರ ಸುತ್ತಲಿನ ತೋಟಗಳನ್ನು ಬಿಟ್ಟು ಉಳಿದೆಡೆಯ ಮರಗಳನ್ನು ಕಡಿಸಿತು. ಮಸಾಲೆಯ ಚರಿತ್ರೆಯಲ್ಲಿ ಇದಕ್ಕಿಂತ ಕ್ರೂರವಾದ ವ್ಯಾಪಾರನೀತಿ ಅಪರೂಪ.

ಈ ಏಕಸ್ವಾಮ್ಯ ಮುರಿದದ್ದು 1770ರಲ್ಲಿ. ಫ್ರೆಂಚ್ ಆಡಳಿತಗಾರ ಪಿಯರ್ ಪೊವಾವ್ರ ಸಸಿಗಳನ್ನು ಗುಟ್ಟಾಗಿ ಮಾರಿಷಸ್‌ಗೆ ತರಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಂಜಿಬಾರ್ ಮತ್ತು ಪೆಂಬಾ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ದೊಡ್ಡ ತೋಟಗಳೆದ್ದವು. ದಕ್ಷಿಣ ಭಾರತದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಬೆಟ್ಟಗಳು ಲವಂಗಕ್ಕೆ ಹೆಸರಾದವು. ಕರ್ನಾಟಕದಲ್ಲಿ ಕೊಡಗು, ದಕ್ಷಿಣ ಕನ್ನಡದ ತೋಟಗಳಲ್ಲಿ ಅಲ್ಪಸ್ವಲ್ಪ ಬೆಳೆಯಿದೆ.

ಬಟ್ಟಿ ಇಳಿಸುವ ಕೆಲಸ ನೋಡುವಂಥದ್ದು. ಹಂಡೆಯೊಳಗಿನ ಮೊಗ್ಗುಗಳ ನಡುವೆ ಹಬೆ ಹಾಯುತ್ತದೆ. ತಣಿದು ಇಳಿಯುವ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಬಹುತೇಕ ಸುಗಂಧ ತೈಲಗಳು ನೀರಿನ ಮೇಲೆ ತೇಲಿದರೆ, ಇದು ನೀರಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಹೊಸ ಎಣ್ಣೆಯ ಬಣ್ಣ ತಿಳಿ ಹಳದಿ. ಗಾಳಿ ತಾಗಿದರೆ ಕಂದು, ಕಬ್ಬಿಣ ತಾಗಿದರೆ ಇನ್ನೂ ಕಪ್ಪು. ಒಳ್ಳೆಯ ಒಣ ಮೊಗ್ಗಿನಲ್ಲಿ ತೂಕದ ಶೇ. 15ರಿಂದ 20ರಷ್ಟು ಎಣ್ಣೆ ಸಿಗುತ್ತದೆ. ಎಲೆಯಲ್ಲಿ ಶೇ. 2–3 ಮಾತ್ರ, ಆದರೂ ಎಲೆ ಅಗ್ಗವಾದ್ದರಿಂದ ಮಾರುಕಟ್ಟೆಗೆ ಬರುವ ಎಣ್ಣೆಯಲ್ಲಿ ಅದರದೇ ದೊಡ್ಡ ಪಾಲು.

ಹಲ್ಲುನೋವಿಗೆ ಲವಂಗ ಎಂಬ ಮನೆಮದ್ದಿಗೆ ಗಟ್ಟಿ ಆಧಾರವಿದೆ: ಯೂಜಿನಾಲ್ ನರಗಳು ಸಾಗಿಸುವ ನೋವಿನ ಸಂಕೇತವನ್ನು ತಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಂತವೈದ್ಯರು ಅದನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸಿ, ಗಟ್ಟಿಯಾಗುವ ಲೇಪವನ್ನಾಗಿ ಬಳಸತೊಡಗಿದರು. ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬಲು ಈ ಲೇಪ ಇಂದಿಗೂ ಬಳಕೆಯಲ್ಲಿದೆ. ದಂತ ಚಿಕಿತ್ಸಾಲಯದ ಪರಿಚಿತ ವಾಸನೆ ಇದರದ್ದೇ. ಒಂದು ಕಾಲಕ್ಕೆ ಕೃತಕ ವೆನಿಲಿನ್ ತಯಾರಿಸಲೂ ಯೂಜಿನಾಲ್ ಬೇಕಿತ್ತು. ಜಪಾನಿನಲ್ಲಿ ಖಡ್ಗಗಳಿಗೆ ತುಕ್ಕು ಹಿಡಿಯದಂತೆ ಸವರುವ ಎಣ್ಣೆಗೆ ಲವಂಗದ ಎಣ್ಣೆ ಬೆರೆಸುವ ರೂಢಿಯಿದೆ. ಮೀನುಗಳನ್ನು ಪರೀಕ್ಷಿಸುವಾಗ ಅವುಗಳಿಗೆ ಅರಿವಳಿಕೆಯಾಗಿಯೂ ಅದೇ ಒದಗುತ್ತದೆ.

ಅಪ್ಪಟ ಎಣ್ಣೆ ಒಸಡನ್ನು ಸುಡಬಲ್ಲದು, ಹುಳುಕನ್ನು ವಾಸಿ ಮಾಡಲಾರದು. ಪುಟ್ಟ ಮಕ್ಕಳು ಕೆಲವೇ ಮಿಲಿಲೀಟರ್ ಕುಡಿದರೂ ಯಕೃತ್ತಿಗೆ ಗಂಭೀರ ಹಾನಿಯಾದ ಪ್ರಕರಣಗಳಿರುವುದರಿಂದ, ಶೀಶೆಯನ್ನು ಅವರ ಕೈಗೆಟುಕದ ಕಡೆ ಇಡಬೇಕು.