ಬಿ.ಎಸ್ಸಿ. ನರ್ಸಿಂಗ್ ಪ್ರವೇಶ (ಬೆಳಗಾವಿ, ಖಾನಾಪುರ)

ಬಿ.ಎಸ್ಸಿ. ನರ್ಸಿಂಗ್ ಪ್ರವೇಶವೆಂದರೆ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ತೇರ್ಗಡೆಯಾದವರನ್ನು ಎಂಟು ಸೆಮಿಸ್ಟರ್‌ಗಳ, ಅಂದರೆ ನಾಲ್ಕು ವರ್ಷಗಳ ಶುಶ್ರೂಷಾ ಪದವಿಗೆ ಆಯ್ಕೆ ಮಾಡುವ ಪ್ರಕ್ರಿಯೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಅಂಕ (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40) ಬಂದಿದ್ದು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಕರ್ನಾಟಕದಲ್ಲಿ 2023ರಿಂದ ಈ ಪದವಿಯ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ವ್ಯಾಪ್ತಿಗೆ ಬಂದವು. ಈ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ 60 ಬಹುಆಯ್ಕೆ ಪ್ರಶ್ನೆಗಳೂ 80 ನಿಮಿಷಗಳೂ ಇದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಸರಿಯಲ್ಲ.

ಬೆಳಗಾವಿ ನಗರದ ಕೆಎಲ್ಇ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿಯು ಪರಿಗಣಿತ ವಿಶ್ವವಿದ್ಯಾಲಯವಾದ್ದರಿಂದ ತನ್ನ ಬಿ.ಎಸ್ಸಿ. ನರ್ಸಿಂಗ್ ಪ್ರವೇಶಗಳನ್ನು ತಾನೇ ನಡೆಸುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳು ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ. ಪಶ್ಚಿಮ ಘಟ್ಟದ ಕಾಡಂಚಿನ ಖಾನಾಪುರ ತಾಲ್ಲೂಕಿನವರಿಗೆ ಗ್ರಾಮೀಣ ಮೀಸಲಾತಿ (ಶೇ. 15) ಹಾಗೂ ಕನ್ನಡ ಮಾಧ್ಯಮ ಮೀಸಲಾತಿ (ಶೇ. 5) ಬಹುಮುಖ್ಯ. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿವರೆಗಿನ ವ್ಯಾಸಂಗದ ದಾಖಲೆ ಬೇಕಾಗುವುದರಿಂದ, ಹಲವು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯ ಪ್ರಮಾಣಪತ್ರವನ್ನೂ ಅರ್ಜಿಗೆ ಮೊದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಕನ್ನಡ ಅಥವಾ ಮರಾಠಿ ಮಾಧ್ಯಮದಿಂದ ಬಂದವರಿಗೆ ಪದವಿಯಲ್ಲಿ ಎದುರಾಗುವ ನಿಜವಾದ ತೊಡಕು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಇಂಗ್ಲಿಷ್ ಪರಿಭಾಷೆ. ಪಿಯುಸಿಯಲ್ಲೇ ಜೀವಶಾಸ್ತ್ರದ ಪದಗಳನ್ನು ತಮ್ಮ ಮಾಧ್ಯಮದ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ರೂಢಿಸಿಕೊಳ್ಳುವುದು ಇದಕ್ಕೆ ತಕ್ಕ ಸಿದ್ಧತೆ. ಪದವೀಧರರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ದಾದಿ ಹಾಗೂ ಸೂಲಗಿತ್ತಿಯಾಗಿ ನೋಂದಾಯಿಸಿಕೊಂಡ ಬಳಿಕವೇ ವೃತ್ತಿ ನಡೆಸಬಹುದು.