ಹರಿದ ಹಾರದ ಲೆಕ್ಕ

ಹೈಸ್ಕೂಲಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ‘ಎಕ್ಸ್ ಎಂದಿರಲಿ’ ಎಂದು ಬರೆದರೆ ಸಾಕು, ನನ್ನ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಸಾಹಿತ್ಯ ಓದಿದವನು ನಾನು. ಆದರೆ ‘ಕವಿರಾಜಮಾರ್ಗ’ದ ಕಾಲವನ್ನು ಓದುವಾಗ ಬಿಟ್ಟುಬಂದ ಗಣಿತ ಅಲ್ಲಿಯೇ ಎದುರಾಯಿತು. ಅದೇ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಆರಂಭದಲ್ಲೇ ದೊರೆಯ ಸ್ತುತಿಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಒಂದು ಲೆಕ್ಕ. ಪ್ರಣಯಕಲಹದಲ್ಲಿ ಹೆಣ್ಣೊಬ್ಬಳ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಕೈ ಸೇರುತ್ತದೆ, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆದುರುತ್ತವೆ. ಕೊನೆಗೆ ಉಳಿದದ್ದು 1161. ಹಾರದಲ್ಲಿ ಇದ್ದ ಮುತ್ತುಗಳೆಷ್ಟು?

ನಾನು ಹಿಂದಿನಿಂದ ಹೊರಟೆ. 1161ನ್ನು ಆರು ಸಲ ಇಮ್ಮಡಿಸಿದರೆ 74,304. ಮೂರರಲ್ಲೊಂದು, ಆರರಲ್ಲೊಂದು ಸೇರಿ ಮೊದಲೇ ಅರ್ಧ ಹೋಗಿತ್ತು; ಆದ್ದರಿಂದ ಇದು ಇನ್ನರ್ಧ. ಒಟ್ಟು 1,48,608. ಎಕ್ಸ್ ಎಂದರೆ ಇನ್ನೂ ಎಣಿಸದ ಹಾರಕ್ಕೆ ಇಟ್ಟ ಹೆಸರು ಎಂಬುದು ಅಂದು ಹೊಳೆಯಿತು.

ಇನ್ನೊಂದು ಲೆಕ್ಕ ಅಡುಗೆಮನೆಯದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ನಾಲ್ಕರಂತೆ 15, ಐದರಂತೆ 6, ಎಲ್ಲವೂ ಸೇರಿ 1, ಒಟ್ಟು 63. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನೂ ಅವನು ಕೊಟ್ಟಿದ್ದಾನೆ. ಇದು ಸಂಭವನೀಯತೆಯಲ್ಲ, ಅದರ ಗಣಿತಕ್ಕೆ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಬರೆದುಕೊಂಡ ಪತ್ರಗಳು ಬುನಾದಿ ಹಾಕಿದವು. ಆದರೆ 63 ಚೀಟಿಗಳಿಂದ ಕಣ್ಣುಮುಚ್ಚಿ ಒಂದನ್ನು ಎತ್ತಿದರೆ ಅದು ಮೂರು ರಸದ್ದಾಗುವ ಸಂಭವನೀಯತೆ 20/63 ಎನ್ನಲು ಈ ಎಣಿಕೆಯೇ ಬೇಕು.

ಮುಂದೆ ಓದಿದಾಗ ಎಡವಿದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದು ಎನ್ನುತ್ತಾನೆ ಮಹಾವೀರಾಚಾರ್ಯ. ಇದು ತಪ್ಪು. 12ನ್ನು ಸೊನ್ನೆಯಿಂದ ಭಾಗಿಸಿದಾಗ 12 ಬರುವುದಾದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗಲೂ 12 ಬರಬೇಕು, ಬರುವುದು ಸೊನ್ನೆ. ವಿದ್ಯಾರ್ಥಿಗಳ ಮುಂದೆ ಅವನ ಬಗ್ಗೆ ಮಾತಾಡುವ ಸಂದರ್ಭ ಬಂದಾಗ ಈ ಭಾಗವನ್ನು ನುಂಗಿಬಿಡೋಣ ಎನಿಸಿತ್ತು. ನಮ್ಮವನೆಂಬ ಅಭಿಮಾನ!

ನನ್ನನ್ನು ತಡೆದದ್ದು ಅವನ ವೃತ್ತದ ಲೆಕ್ಕ. ಪರಿಧಿಗೆ ಸ್ಥೂಲವಾಗಿ ವ್ಯಾಸದ ಮೂರರಷ್ಟು, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.162, ಎಂದು ಅವನು ಎರಡು ಬೆಲೆ ಕೊಡುತ್ತಾನೆ. ನಿಜವಾದದ್ದು 3.1416ರ ಹತ್ತಿರ. ಆದರೂ ಒರಟು ಲೆಕ್ಕ ಯಾವುದು, ಉತ್ತಮ ಲೆಕ್ಕ ಯಾವುದು ಎಂದು ಅವನು ಬಚ್ಚಿಡಲಿಲ್ಲ. ಅವನ ತಪ್ಪನ್ನು ನಾನೇಕೆ ಬಚ್ಚಿಡಲಿ?

ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಹಾಗೇ ಉಳಿಯುತ್ತದಲ್ಲ ಎಂದು ಅವನು ಯೋಚಿಸಿರಬಹುದೇನೋ. ಆ ದಿನ ಸೊನ್ನೆಯ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ ಸಂಗತಿಯನ್ನು ಹೇಳುವ ಮೊದಲೇ, ಕಿಟಕಿಯ ಪಕ್ಕ ಕೂತಿದ್ದ ಹುಡುಗನೊಬ್ಬ ಕೈಯೆತ್ತಿ ತಪ್ಪು ಎಲ್ಲಿದೆಯೆಂದು ತೋರಿಸಿದ.