ಕಡಲಾಚೆಯ ವಿಶ್ವವಿದ್ಯಾನಿಲಯಕ್ಕೆ ಒಂದು ಅರ್ಜಿ

ಬಿ.ಜಿ. ಕೆರೆಯ ಪ್ರೌಢಶಾಲೆಯಲ್ಲೋ, ಮೊಳಕಾಲ್ಮೂರು ಅಥವಾ ಚಳ್ಳಕೆರೆಯ ಕಾಲೇಜಿನಲ್ಲೋ ಓದುವ ವಿದ್ಯಾರ್ಥಿಗೆ ಹಾರ್ವರ್ಡ್, ಆಕ್ಸ್‌ಫರ್ಡ್, ಕೇಂಬ್ರಿಜ್ ಎಂಬುವು ಪತ್ರಿಕೆಯಲ್ಲಿ ಕಾಣುವ ದೂರದ ಹೆಸರುಗಳು. ಹಾಗಿದ್ದರೂ ಈ ತಾಲ್ಲೂಕಿಗೆ ಹೊರದೇಶದ ವಿದ್ಯೆಯೊಡನೆ ಹಳೆಯ ನಂಟೊಂದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಮುಂದೆ ಅಲ್ಲಿ ಉತ್ಖನನ ನಡೆಸಿದ ಡಾ. ಎಂ.ಎಚ್. ಕೃಷ್ಣ ಅವರು ಮೈಸೂರಿನಲ್ಲಿ ಓದಿ, ಲಂಡನ್ ವಿಶ್ವವಿದ್ಯಾನಿಲಯದಿಂದ ಡಿ.ಲಿಟ್. ಪದವಿ ಪಡೆದು ಬಂದು, ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದವರು. ಕಡಲಾಚೆ ಕಲಿತ ವಿದ್ಯೆ ನಮ್ಮ ನೆಲದ ಚರಿತ್ರೆಯನ್ನು ತೆರೆದು ತೋರಿಸಿತು.

ಇಂಥವರು ಅಲ್ಲಿಗೆ ಹೋದದ್ದು ಹೇಗೆ? ಜಾಣತನ ಬೇಕೇ ಬೇಕು, ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಯಾರ ಹಣದಲ್ಲಿ ಹೋದರು, ಯಾರ ಮಾತಿನ ಬಲದಿಂದ ಹೋದರು ಎಂದು ಕೇಳಿದರೆ ಚರಿತ್ರೆ ಬೇರೊಂದು ಪಾಠವನ್ನು ಹೇಳುತ್ತದೆ.

ಡಾ. ಪಲ್ಪು ಅವರ ಉದಾಹರಣೆಯನ್ನು ನೋಡೋಣ. ತಿರುವಾಂಕೂರಿನಲ್ಲಿ ಈಳವ ಜಾತಿಯಲ್ಲಿ ಹುಟ್ಟಿದ ಅವರು ವೈದ್ಯ ಪದವಿ ಪಡೆದಿದ್ದರೂ ಜಾತಿಯ ಕಾರಣದಿಂದ ತಮ್ಮ ಸಂಸ್ಥಾನದಲ್ಲಿ ಕೆಲಸ ಸಿಗಲಿಲ್ಲ. ಮೈಸೂರು ಸಂಸ್ಥಾನ ಅವರನ್ನು ವೈದ್ಯ ಸೇವೆಗೆ ತೆಗೆದುಕೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅವರು ಜೀವದ ಹಂಗು ತೊರೆದು ದುಡಿದರು. ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದ್ದು ಮೈಸೂರು ಸರಕಾರ. ಒಂದು ಸಂಸ್ಥಾನ ಮುಚ್ಚಿದ ಬಾಗಿಲನ್ನು ಇನ್ನೊಂದು ಸಂಸ್ಥಾನ ತೆರೆಯಿತು. ವಿದ್ಯಾರ್ಥಿಯ ಯೋಗ್ಯತೆ ಎರಡು ಕಡೆಯೂ ಒಂದೇ ಆಗಿತ್ತು ಎಂಬುದನ್ನು ಮರೆಯಬಾರದು.

ಸರಕಾರದ ಹೊರಗೂ ಒಂದು ದಾರಿ ತೆರೆಯಿತು. ಬ್ರಹ್ಮಗಿರಿಯ ಶಾಸನ ಬೆಳಕಿಗೆ ಬಂದ 1892ನೆಯ ಇಸವಿಯಲ್ಲೇ ಜಮ್‌ಷೇಟ್‌ಜಿ ಟಾಟಾ ಅವರು ಭಾರತೀಯ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಒಂದು ನಿಧಿಯನ್ನು ಸ್ಥಾಪಿಸಿದರು. ಇದು ದಾನವಲ್ಲ, ಸಾಲ. ಓದು ಮುಗಿಸಿ ದುಡಿಯತೊಡಗಿದವರು ಹಿಂದಿರುಗಿಸಿದ ಹಣ ಮುಂದಿನವರ ಓದಿಗೆ ಒದಗಬೇಕೆಂಬುದು ಇದರ ಹಿಂದಿನ ಯೋಚನೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರು ಈ ನಿಧಿಯ ನೆರವಿನಿಂದಲೇ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ 1948ರಲ್ಲಿ ಪಿಎಚ್.ಡಿ. ಪಡೆದರು. ಹಿಂದಿರುಗಿ ಬಂದು ಭಾರತದ ಅಣು ವಿಜ್ಞಾನದ ಮುಂದಾಳುಗಳಲ್ಲಿ ಒಬ್ಬರಾದರು.

ಹೆಣ್ಣುಮಕ್ಕಳ ಪಾಲಿಗೆ ಈ ದಾರಿ ಇನ್ನೂ ಕಿರಿದಾಗಿತ್ತು. 1922ರಲ್ಲಿ ಹುಟ್ಟಿದ ರಾಜೇಶ್ವರಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದರು. ಹೊರದೇಶದ ವ್ಯಾಸಂಗಕ್ಕೆ ಸರಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ 1946ರಲ್ಲಿ ಆಯ್ಕೆಯಾಗಿ, ಮರುವರ್ಷ ಸ್ವಾತಂತ್ರ್ಯ ಬರುವುದಕ್ಕೆ ತುಸು ಮುನ್ನ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಳಿಕ ಪಿಎಚ್.ಡಿ. ವ್ಯಾಸಂಗಕ್ಕೆ ಅವರಿಗೆ ಒದಗಿದ್ದು ಏಷ್ಯಾದ ಮಹಿಳೆಯರಿಗಾಗಿ ಅದೇ ವಿಶ್ವವಿದ್ಯಾನಿಲಯದಲ್ಲಿ ಇದ್ದ ಬಾರ್ಬರ್ ವಿದ್ಯಾರ್ಥಿವೇತನ. 1953ರಲ್ಲಿ ತಾಯ್ನಾಡಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮುಂದೆ ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಿಂದ, ಮೈಕ್ರೋವೇವ್ ಎಂಜಿನಿಯರಿಂಗ್ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರೆಂದು ಪ್ರಸಿದ್ಧರಾದರು. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ.

ಇನ್ನು ಹಳ್ಳಿಯ ಬಡ ಮನೆಯ ಹುಡುಗನ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಅವರು ಬಸ್ಸಿಗೆ ಕಾಸಿಲ್ಲದೆ ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಅವರ ಹಿಂದೆ ಆಸ್ತಿ ಇರಲಿಲ್ಲ. ಊರಿನ ಶಾಲೆಯಲ್ಲಿ ಪಾಠ ಹೇಳಿ ಹುಡುಗನನ್ನು ಬಲ್ಲ ಉಪಾಧ್ಯಾಯರೊಬ್ಬರ ವಿಶ್ವಾಸ ಇತ್ತು. ವಿದ್ಯಾರ್ಥಿ ನಿಲಯದಲ್ಲಿದ್ದು ಓದಿ, ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು. ಮರಳಿ ಬಂದು ಮತ್ತೆ ಖಾದಿ ಉಟ್ಟು ಪಾಠ ಹೇಳಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು.

ಈ ನಾಲ್ಕು ಜೀವನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಸಂಗತಿ ಎದ್ದು ಕಾಣುತ್ತವೆ: ತಾನೇ ಮಾಡಿ ತೋರಿಸಿದ ಕೆಲಸ, ಬಲ್ಲವರ ಮಾತು, ಸಮಾಜದ ಹಣ. ಇಂದಿನ ಅರ್ಜಿಯಲ್ಲೂ ಈ ಮೂರೇ ಮುಖ್ಯ. ಪೈಪೋಟಿ ಮಾತ್ರ ಬಹಳ ಹೆಚ್ಚಿದೆ. ಹಾರ್ವರ್ಡ್ ಕಾಲೇಜಿನಲ್ಲಿ 2021ರಿಂದ 2024ರವರೆಗೆ ಪ್ರತಿ ವರ್ಷವೂ ನೂರು ಅರ್ಜಿದಾರರಲ್ಲಿ ನಾಲ್ವರಿಗೂ ಸ್ಥಳ ಸಿಗಲಿಲ್ಲ. ಅಮೆರಿಕದ ಇಂಥ ಕಾಲೇಜುಗಳು ಒಂದು ಪರೀಕ್ಷೆಯ ಅಂಕ ನೋಡಿ ಸುಮ್ಮನಾಗುವುದಿಲ್ಲ. 9ನೆಯ ತರಗತಿಯಿಂದ 12ರವರೆಗಿನ ಅಂಕಪಟ್ಟಿ, ವಿದ್ಯಾರ್ಥಿಯೇ ಬರೆದ ಪ್ರಬಂಧ, ಉಪಾಧ್ಯಾಯರ ಪತ್ರ ಎಲ್ಲವನ್ನೂ ಕೇಳುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಆಯ್ದ ವಿಷಯದಲ್ಲಿ ವಿದ್ಯಾರ್ಥಿಯ ಆಳವನ್ನು ಅಳೆಯುತ್ತವೆ. ಪದವಿ ತರಗತಿಗೆ ಒಂದು ವರ್ಷದಲ್ಲಿ ಇವೆರಡರಲ್ಲಿ ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು; ಅದೂ ಅಕ್ಟೋಬರ್ ಮಧ್ಯದೊಳಗೆ.

ಉಪಾಧ್ಯಾಯರ ಪತ್ರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಈತ ಒಳ್ಳೆಯ ನಡತೆಯ, ಬುದ್ಧಿವಂತ ವಿದ್ಯಾರ್ಥಿ" ಎಂದು ಬರೆದರೆ ಅದು ಸಾವಿರ ಪತ್ರಗಳಲ್ಲಿ ಇರುವ ಮಾತೇ. ಶೇಂಗಾ ಹೊಲದ ರೋಗವನ್ನು ಗಮನಿಸಿ ಈ ಹುಡುಗಿ ಒಂದು ಮಳೆಗಾಲವಿಡೀ ಲೆಕ್ಕ ಇಟ್ಟಳು, ತನ್ನ ಮೊದಲ ಊಹೆ ತಪ್ಪೆಂದು ತಾನೇ ಕಂಡುಕೊಂಡಳು ಎಂದು ಬರೆದರೆ ಓದುವವರಿಗೆ ಒಬ್ಬ ವ್ಯಕ್ತಿ ಕಾಣುತ್ತಾಳೆ. ಅಂಥ ಪತ್ರ ಹುಟ್ಟಬೇಕಾದರೆ ಉಪಾಧ್ಯಾಯರಿಗೆ ತೋರಿಸಲು ಕೆಲಸ ಇರಬೇಕು, ಅದನ್ನು ನೋಡಲು ಅವರಿಗೆ ಕಾಲ ಇರಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತು ಬ್ರಹ್ಮಗಿರಿಯ ಶಾಸನದಲ್ಲೇ ಇದೆ. ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಕಸುಬಿನ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ವಿದ್ಯೆ ಹೊತ್ತು ಬಲು ದೂರ ಹೋಗುವುದು ಈ ಬೆಟ್ಟಕ್ಕೆ ಹೊಸದಲ್ಲ.

ಕೊನೆಯದಾಗಿ ಹಣ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ. ಮೊದಲಾದ ಕೆಲವೇ ಸಂಸ್ಥೆಗಳು ಹೊರದೇಶದ ವಿದ್ಯಾರ್ಥಿಯ ಬಡತನವನ್ನು ಆಯ್ಕೆಯ ವೇಳೆ ಲೆಕ್ಕಿಸದೆ, ಆಯ್ಕೆಯಾದವರಿಗೆ ಬೇಕಾದಷ್ಟು ನೆರವು ಕೊಡುತ್ತವೆ. ಉಳಿದ ಅನೇಕ ಕಡೆ ನೆರವು ಕೇಳಿದ್ದೇ ಆಯ್ಕೆಗೆ ತೊಡಕಾಗಬಹುದು. ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸೇರುವವರಿಗೆ ಶುಲ್ಕ ವಿನಾಯಿತಿಯೂ ವೇತನವೂ ಸಾಮಾನ್ಯವಾಗಿ ದೊರೆಯುತ್ತವೆ. ನಮ್ಮ ಪದವಿ ಕಾಲೇಜಿನವರು ಇದನ್ನು ತಿಳಿದಿರಬೇಕು. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಒಂದು ಯೋಜನೆ. ಪರಿಶಿಷ್ಟ ಪಂಗಡದವರಿಗೆ ಇನ್ನೊಂದು. ಮೊದಲನೆಯದರಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ, ಎರಡನೆಯದರಲ್ಲಿ 20. ಪರಿಶಿಷ್ಟ ಪಂಗಡದವರು ದೊಡ್ಡ ಸಂಖ್ಯೆಯಲ್ಲಿರುವ ನಮ್ಮ ಎರಡು ತಾಲ್ಲೂಕುಗಳಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಮೊದಲನೆಯ ಯೋಜನೆಯ 2022ರ ಮಾರ್ಗಸೂಚಿಯು ಭಾರತದ ಇತಿಹಾಸ, ಸಂಸ್ಕೃತಿ, ಪರಂಪರೆಗಳ ಬಗೆಗಿನ ಸಂಶೋಧನೆಯನ್ನು ನೆರವಿನಿಂದ ಹೊರಗಿಟ್ಟಿತು. ಅಂಥ ಓದಿಗೆ ಸಾಮಗ್ರಿ ಇಲ್ಲೇ ಇದೆ ಎಂಬುದು ಸರಕಾರದ ವಾದ. ಸಾಮಗ್ರಿ ಇಲ್ಲಿದೆ, ನಿಜ. ಬ್ರಹ್ಮಗಿರಿಯೂ ಇಲ್ಲೇ ಇತ್ತು. ಅದನ್ನು ಅಗೆದು ಓದುವ ಕ್ರಮವನ್ನು ಕಲಿಯಲು ಒಬ್ಬರು ಲಂಡನ್ನಿಗೆ ಹೋಗಿಬಂದಿದ್ದರು. ಸಮಾಜ ಹಣ ಕೊಡುವಾಗ ಯಾರಿಗೆ ಎಂಬುದರ ಜೊತೆಗೆ ಯಾವ ಓದಿಗೆ ಎಂಬುದನ್ನೂ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಓದುವವರಿಗೂ ಉಂಟು.

ವಿದ್ಯಾರ್ಥಿ ಮಿತ್ರರು ಇದರಿಂದ ಎದೆಗುಂದಬೇಕಾಗಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಎರಡು ವರ್ಷ ಮೊದಲೇ ಒಂದು ನೋಟ್‌ಬುಕ್ ಇಟ್ಟು ನೀವು ಮಾಡಿದ ಕೆಲಸವನ್ನು ತಾರೀಖಿನೊಡನೆ ಬರೆದಿಡಿ. ಅದನ್ನು ತಿಂಗಳಿಗೊಮ್ಮೆ ನಿಮ್ಮ ಮೇಷ್ಟರಿಗೆ ತೋರಿಸಿ. ಯಾವ ವಿದ್ಯಾರ್ಥಿವೇತನಕ್ಕೆ ಯಾವ ದಾಖಲೆ ಬೇಕೆಂದು ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಕೊನೆಯ ವಾರಕ್ಕೆ ಬಿಡಬೇಡಿ.